ಬಲೆಗೂ ಒಂದು ಪಾಲು

ಪಾಲುದಾರಿಕೆ ಸಂಸ್ಥೆಗಳು ನಷ್ಟದಿಂದ ಮುರಿಯುವುದಕ್ಕಿಂತ ಹೆಚ್ಚಾಗಿ, ಆ ನಷ್ಟ ಯಾರದು ಎಂಬ ವಾದದಿಂದ ಮುರಿಯುತ್ತವೆ. ಉಡುಪಿ ಜಿಲ್ಲೆಯ ಇಬ್ಬರು ಗೋಡಂಬಿ ಉದ್ದಿಮೆದಾರರು ಅಂತಹ ವಾದದ ಕೊನೆಯ ಹಂತದಲ್ಲಿದ್ದಾಗ, ಡಿಸೆಂಬರ್ ತಿಂಗಳ ಒಂದು ಭಾನುವಾರವನ್ನು ಪಡುಕೆರೆಯ ಕಡಲ ದಂಡೆಯಲ್ಲಿ ಕಳೆದ ವೃತ್ತಾಂತವಿದು.

ಇಬ್ಬರದೂ 22 ವರ್ಷಗಳ ಪಾಲುದಾರಿಕೆ. ಬಂಡವಾಳ ಸಮ, ಲಾಭವೂ ಸಮ. ವರ್ಷಾಂತ್ಯದಲ್ಲಿ ಬಂದ ಲಾಭವನ್ನೆಲ್ಲ ಇಬ್ಬರೂ ಪೂರ್ತಿಯಾಗಿ ಹಿಂಪಡೆಯುವುದು ಮೊದಲಿನಿಂದ ಬಂದ ಪದ್ಧತಿ. ಹೀಗಾಗಿ ಬಾಯ್ಲರ್ ಹಳೆಯದಾದಾಗ ಸಂಸ್ಥೆಯ ಕೈಯಲ್ಲಿ ಹಣವಿರಲಿಲ್ಲ. ಬೀಜ ಒಡೆಯುವ ಸ್ವಯಂಚಾಲಿತ ಯಂತ್ರವನ್ನು ಬ್ಯಾಂಕ್ ಸಾಲದಿಂದ ತರೋಣವೆಂದು ಕಿರಿಯ ಪಾಲುದಾರರು, ಸಾಲವೇ ಬೇಡವೆಂದು ಹಿರಿಯರು. ಅಷ್ಟರಲ್ಲಿ ಕಚ್ಚಾ ಬೀಜದ ಬೆಲೆಯೇರಿ ಒಂದು ವರ್ಷ ನಷ್ಟವೂ ಬಂದಿತು. ವಿಸರ್ಜನಾ ಪತ್ರದ ಕರಡು ಸಿದ್ಧವಾಯಿತು.

ಇಬ್ಬರಿಗೂ ಸಮಾನ ಮಿತ್ರರಾದ ಒಬ್ಬ ಹಾರ್ಡ್‌ವೇರ್ ವ್ಯಾಪಾರಿ ಇದ್ದಾರೆ. ಪಡುಕೆರೆಯ ಕೈರಂಪಣಿ ತಂಡವೊಂದಕ್ಕೆ ಹಗ್ಗ ಪೂರೈಸುವವರು ಅವರೇ. "ಭಾನುವಾರ ಹಗ್ಗ ಎಳೆಯಲಿಕ್ಕೆ ಬನ್ನಿ ಮಾರಾಯ್ರೆ, ಲೆಕ್ಕ ಸೋಮವಾರ ನೋಡುವ" ಎಂದು ಇಬ್ಬರನ್ನೂ ಕರೆದೊಯ್ದವರು ಅವರು.

ದಂಡೆಯ ಮೇಲೆ

ಮಲ್ಪೆಯ ದಕ್ಷಿಣಕ್ಕೆ, ಒಂದು ಪಕ್ಕದಲ್ಲಿ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕದಲ್ಲಿ ಹೊಳೆ, ಇವೆರಡರ ನಡುವಿನ ಕಿರಿದಾದ ಮರಳು ಪಟ್ಟಿಯೇ ಪಡುಕೆರೆ. ಕೈರಂಪಣಿಯಲ್ಲಿ ಹಗ್ಗದ ಒಂದು ತುದಿಯನ್ನು ದಂಡೆಯಲ್ಲಿ ಬಿಟ್ಟು ದೋಣಿ ಕಡಲಿಗಿಳಿಯುತ್ತದೆ. ಅರ್ಧ ವೃತ್ತಾಕಾರವಾಗಿ ಬಲೆಯನ್ನು ಬಿಡುತ್ತ ಸಾಗಿ, ದೂರದಲ್ಲಿ ಮತ್ತೆ ದಡ ಸೇರಿ ಎರಡನೆಯ ತುದಿಯನ್ನು ಒಪ್ಪಿಸುತ್ತದೆ. ಬಳಿಕ ಎರಡು ಗುಂಪುಗಳು ಎರಡೂ ಹಗ್ಗಗಳನ್ನು ಏಕಕಾಲಕ್ಕೆ ಎಳೆಯಬೇಕು. ಒಂದು ಕಡೆಯವರು ಅವಸರಪಟ್ಟರೆ ಬಲೆ ವಾಲಿ ಮೀನು ತಪ್ಪಿಹೋಗುತ್ತದೆ.

ಹಿರಿಯ ಪಾಲುದಾರರು ಉತ್ತರದ ಹಗ್ಗ ಹಿಡಿದರು, ಕಿರಿಯರು ದಕ್ಷಿಣದ್ದನ್ನು. ಮಾತನಾಡುವ ಅಗತ್ಯ ಬೀಳಬಾರದೆಂದೇ ಹಾಗೆ ನಿಂತದ್ದು. ಆದರೆ ಬಲೆ ಹತ್ತಿರವಾದಂತೆ ಎರಡೂ ಗುಂಪುಗಳು ಒಂದರತ್ತ ಒಂದು ಸರಿಯಬೇಕಾಗುತ್ತದೆ. ಒಂದು ಗಂಟೆಗೂ ಮೀರಿದ ಎಳೆತದ ಬಳಿಕ ಇಬ್ಬರೂ ಮೊಣಕಾಲುದ್ದದ ನೀರಿನಲ್ಲಿ ಅಕ್ಕಪಕ್ಕದಲ್ಲಿದ್ದರು. ಬಿದ್ದದ್ದು ಸಾಧಾರಣ ಮೀನು: ಬಂಗುಡೆ, ಬೂತಾಯಿ, ಸ್ವಲ್ಪ ಸಿಗಡಿ, ಬೆರಳೆಣಿಕೆಯಷ್ಟು ಕಾಣೆ.

ಪಾಲಿನ ಲೆಕ್ಕ

ಮೀನು ದಂಡೆಯಲ್ಲೇ ಏಲಂ ಆಯಿತು. ಬಂದ ಹಣ 17,600 ರೂಪಾಯಿ. ಚಹಾ ತಿಂಡಿ ಮುಂತಾದ ಖರ್ಚು 800 ಕಳೆದು ಉಳಿದದ್ದು 16,800. ಎಳೆದ 24 ಜನರಿಗೆ ತಲಾ ಒಂದು ಪಾಲು, ದೋಣಿ ಮತ್ತು ಬಲೆಗೆ 4 ಪಾಲು; ಹೀಗೆ 28 ಪಾಲಿಗೆ ತಲಾ 600 ರೂಪಾಯಿ. ಪಾಲಿನ ಕ್ರಮ ತಂಡದಿಂದ ತಂಡಕ್ಕೆ ಬೇರೆಯಾಗಬಹುದು. ಆದರೆ ಈ ತಂಡದಲ್ಲಿ ದೋಣಿ ಮತ್ತು ಬಲೆಯ 2,400 ರೂಪಾಯಿಯನ್ನು ಮೊದಲು ತೆಗೆದಿಟ್ಟ ಮೇಲೆಯೇ ಉಳಿದವರ ಕೈಗೆ ಹಣ ಬಂದಿತು.

"ಮೀನು ಬೀಳದ ದಿನ ಏನು ಮಾಡುತ್ತೀರಿ?" ಎಂದು ಹಿರಿಯ ಪಾಲುದಾರರು ಕೇಳಿದರು.

ಎಪ್ಪತ್ತು ದಾಟಿದ ತಂಡೇಲರು ಹೇಳಿದರು: "ಮೀನಿಲ್ಲದ ದಿನ ಯಾರಿಗೂ ಪಾಲಿಲ್ಲ ಧಣಿ. ಆದರೆ ಬಲೆ ಹರಿದರೆ ಯಾರ ಮನೆಗೂ ಕೇಳಲಿಕ್ಕೆ ಹೋಗುವುದಿಲ್ಲ. ಬಲೆಯ ಪಾಲು ಮೊದಲೇ ಇಟ್ಟಾಗಿರುತ್ತದೆ."

ಲೆಕ್ಕಶಾಸ್ತ್ರದಲ್ಲಿ ಸವಕಳಿ ಎನ್ನುವುದು ಇದನ್ನೇ. ವ್ಯತ್ಯಾಸವಿಷ್ಟೆ: ಅನೇಕ ಸಂಸ್ಥೆಗಳಲ್ಲಿ ಸವಕಳಿ ಪುಸ್ತಕದಲ್ಲಿ ಮಾತ್ರ ಇರುತ್ತದೆ; ಹಣ ಪಾಲುದಾರರ ಮನೆ ಸೇರಿರುತ್ತದೆ.

ದೊಡ್ಡ ರಂಪಣಿಯ ಪಾಠ

ಹಿರಿಯರಿಗೆ ಸಮಾಧಾನವಾಯಿತು: ಉಳಿಸಿದರೆ ಸಾಲ ಬೇಡ. ಆದರೆ ತಂಡೇಲರ ಮಾತು ಮುಗಿದಿರಲಿಲ್ಲ. ಅವರ ಯೌವನದಲ್ಲಿ ಈ ಕರಾವಳಿಯಲ್ಲಿದ್ದದ್ದು ದೊಡ್ಡ ರಂಪಣಿ. ಅನೇಕ ಕುಟುಂಬಗಳು ತಮ್ಮ ತಮ್ಮ ಬಲೆಯ ತುಂಡುಗಳನ್ನು ತಂದು ಜೋಡಿಸಿದಾಗ ಆಗುತ್ತಿದ್ದ ಭಾರೀ ಬಲೆ ಅದು. ಎಳೆಯಲು ಹತ್ತಾರು ಜನ ಬೇಕಾಗುತ್ತಿತ್ತು. 1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ದೋಣಿಗಳು ಬಂದವು. ಬಂಗುಡೆ, ಬೂತಾಯಿಗಳ ಹಿಂಡು ದಡದತ್ತ ಬರುವ ಮೊದಲೇ ಅವು ಕಡಲಲ್ಲಿ ಸುತ್ತುವರಿದು ಹಿಡಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು. "ಬಲೆ ಗಟ್ಟಿಯೇ ಇತ್ತು, ಮೀನು ಬರಲಿಲ್ಲ. ನಮ್ಮಲ್ಲಿ ಕೆಲವರು ಒಟ್ಟಾಗಿ ಪರ್ಸೀನಿಗೆ ಪಾಲು ಹಾಕಿದರು. ಹಾಕದವರು ಕಾದು ಕೂತರು."

ಈ ಬಾರಿ ತಲೆಯಾಡಿಸಿದವರು ಕಿರಿಯರು. ಹಿರಿಯರು ಬಹಳ ಹೊತ್ತು ಕಡಲನ್ನೇ ನೋಡುತ್ತಿದ್ದು, "ಯಂತ್ರ ಬೇಡವೆಂದಲ್ಲ. ಕಂತು ತಪ್ಪಿದರೆ ನನ್ನ ಮನೆಯೂ ಹೋಗುತ್ತದಲ್ಲ, ಅದು ಹೆದರಿಕೆ" ಎಂದರು. ಎಂಟು ತಿಂಗಳ ವಾದದಲ್ಲಿ ಈ ಮಾತು ಒಮ್ಮೆಯೂ ಹೊರಬಂದಿರಲಿಲ್ಲ.

ಆ ಹೆದರಿಕೆ ನಿರಾಧಾರವಲ್ಲ. ಭಾರತೀಯ ಪಾಲುದಾರಿಕೆ ಅಧಿನಿಯಮ, 1932ರ 25ನೇ ಕಲಮಿನಂತೆ, ಪಾಲುದಾರನಾಗಿದ್ದಾಗ ಸಂಸ್ಥೆ ಮಾಡಿದ ವ್ಯವಹಾರಕ್ಕೆ ಪ್ರತಿಯೊಬ್ಬನೂ ಇತರರೊಡನೆ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಬೇರೆ ಕರಾರಿಲ್ಲದಿದ್ದರೆ ಲಾಭದಂತೆ ನಷ್ಟವೂ ಸಮಪಾಲು ಎಂಬುದು 13ನೇ ಕಲಮು. ವಿಸರ್ಜನೆಯಾದಾಗ ನಷ್ಟವನ್ನು ಮೊದಲು ಲಾಭದಿಂದ, ಅನಂತರ ಬಂಡವಾಳದಿಂದ, ಕೊನೆಗೆ ಲಾಭದ ಪ್ರಮಾಣದಲ್ಲಿ ಪಾಲುದಾರರ ಸ್ವಂತ ಕೈಯಿಂದ ತುಂಬಬೇಕೆಂಬುದು 48ನೇ ಕಲಮು. ಆದರೆ ಯಂತ್ರಕ್ಕಾಗಿ ಮುಂಚಿತವಾಗಿ ಹಣ ತೆಗೆದಿಡಬೇಕೆಂದು ಈ ಅಧಿನಿಯಮ ಹೇಳುವುದಿಲ್ಲ. ಅದನ್ನು ಪಾಲುದಾರರೇ ಕರಾರುಪತ್ರದಲ್ಲಿ ಬರೆದುಕೊಳ್ಳಬೇಕು.

ಸೋಮವಾರ ಕರಡು ತಿದ್ದುಪಡಿಯಾಯಿತು. ಈಗ ಅದು ವಿಸರ್ಜನೆಯದಲ್ಲ, ಕರಾರುಪತ್ರದ್ದು. ಪಾಲುದಾರರು ಹಣ ಹಿಂಪಡೆಯುವ ಮೊದಲು ಲಾಭದ ನಾಲ್ಕನೆಯ ಒಂದು ಭಾಗ ಯಂತ್ರನಿಧಿಗೆ ಸಲ್ಲಬೇಕು. ಸದ್ಯಕ್ಕೆ ಒಂದೇ ಯಂತ್ರ. ಬೆಲೆಯ ಅರ್ಧಕ್ಕಿಂತ ಹೆಚ್ಚು ಸಾಲ ಕೂಡದು. ಉಳಿದರ್ಧಕ್ಕೆ ಇಬ್ಬರೂ ಸಮನಾಗಿ ಹೊಸ ಬಂಡವಾಳ ಹಾಕಬೇಕು. ಕಚ್ಚಾ ಬೀಜದ ಬೆಲೆ ಇವರ ಕೈಯಲ್ಲಿಲ್ಲ. ಬರುವ ವರ್ಷ ಲಾಭವೋ ನಷ್ಟವೋ ಹೇಳಲಾಗದು. ನಷ್ಟವಾದರೆ ಯಾರದೆಂಬ ಪ್ರಶ್ನೆಗೆ ಮಾತ್ರ ಉತ್ತರ ಬರೆದಿಟ್ಟಾಗಿದೆ.

ಹಗ್ಗ ಎಳೆದ ಮೂವರು ಮಿತ್ರರಿಗೂ ಅಂದು ತಂಡದವರು ಸಾರಿಗಾಗುವಷ್ಟು ಬಂಗುಡೆ ಕೊಟ್ಟು ಕಳುಹಿಸಿದರು. ಅದು 28 ಪಾಲಿನ ಲೆಕ್ಕಕ್ಕೆ ಸೇರಿದ್ದಲ್ಲ.