ಮಾನವ ಶರೀರದ ಚಲನೆಯಲ್ಲಿ ಭ್ರಮಣವೂ ಕೀಲುಗಳ ಮೇಲಣ ಬಲಗಳೂ

ನಡೆಯುವ ಮನುಷ್ಯನ ದೇಹವು ಸರಳರೇಖೆಯಲ್ಲಿ ಮುಂದೆ ಸಾಗುವಂತೆ ನಮಗೆ ತೋರುತ್ತದೆ. ಆದರೆ ಈ ಗತಿಯನ್ನು ಉಂಟುಮಾಡುವ ಅವಯವಗಳಲ್ಲಿ ಒಂದಾದರೂ ಸರಳರೇಖೆಯಲ್ಲಿ ಚಲಿಸುವುದಿಲ್ಲ. ತೊಡೆಯು ಸೊಂಟದ ಕೀಲಿನ ಸುತ್ತ ತಿರುಗುತ್ತದೆ. ಮೊಣಕಾಲಿನಿಂದ ಕೆಳಗಿನ ಭಾಗವು ಮೊಣಕಾಲಿನ ಸುತ್ತ, ಪಾದವು ಹರಡಿನ ಸುತ್ತ ತಿರುಗುತ್ತವೆ. ಸ್ನಾಯುವು ಎಳೆಯಬಲ್ಲುದೇ ಹೊರತು ತಳ್ಳಲಾರದು. ಅದು ತಾನು ಸಂಕುಚಿತವಾಗಿ ಮೂಳೆಯನ್ನೆಳೆದು, ಕೀಲಿನ ಸುತ್ತ ಅದನ್ನು ತಿರುಗಿಸುತ್ತದೆ. ನಮ್ಮ ಸಕಲ ಅಂಗಚೇಷ್ಟೆಗಳೂ ಹೀಗೆಯೇ ನೆರವೇರುತ್ತವೆ. ಆದಕಾರಣ ಮಾನವ ಚಲನೆಯ ಭೌತಶಾಸ್ತ್ರವೆಂದರೆ ಮುಖ್ಯವಾಗಿ ಭ್ರಮಣದ ಭೌತಶಾಸ್ತ್ರವೆಂದೇ ಹೇಳಬಹುದು.

ಕೀಲೊಂದು ತಾಳಿಕೊಳ್ಳುವ ಬಲವು ಅದರ ಮೇಲಿರುವ ಭಾರಕ್ಕೆ ಸಮವೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಅದು ಭಾರದ ಹಲವು ಪಟ್ಟು ಇರುತ್ತದೆ. ಈ ಹೆಚ್ಚಳವು ಎಲ್ಲಿಂದ ಬಂತು, ಅದನ್ನು ಕಡಮೆ ಮಾಡುವ ಬಗೆ ಯಾವುದು ಎಂಬೆರಡು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರ್ಯಾಲೋಚಿಸಲಾಗುವುದು. ಇದಕ್ಕೆ ಬೇಕಾದ ಗಣಿತವು ಪ್ರೌಢಶಾಲೆಯ ವಿದ್ಯಾರ್ಥಿಗೂ ಪರಿಚಿತವಾದ ಸನ್ನೆಯ ತತ್ತ್ವಕ್ಕಿಂತ ಹೆಚ್ಚಿನದೇನೂ ಅಲ್ಲ.

ಸನ್ನೆಯ ತತ್ತ್ವ ಮತ್ತು ಮೊಣಕೈ

ಒಂದು ಬಲವು ವಸ್ತುವನ್ನು ಆಧಾರಬಿಂದುವಿನ ಸುತ್ತ ತಿರುಗಿಸುವ ಸಾಮರ್ಥ್ಯವು ಎರಡು ಅಂಶಗಳನ್ನು ಅವಲಂಬಿಸಿದೆ: ಬಲದ ಪರಿಮಾಣ ಮತ್ತು ಆಧಾರಬಿಂದುವಿನಿಂದ ಬಲದ ರೇಖೆಗಿರುವ ಲಂಬದೂರ. ಇವೆರಡರ ಗುಣಲಬ್ಧವೇ ಬಲದ ಭ್ರಾಮಕ. ಈ ಲಂಬದೂರವನ್ನು ಬಲದ ತೋಳು ಎನ್ನುತ್ತಾರೆ. ವಸ್ತುವು ಸಮತೋಲದಲ್ಲಿರಬೇಕಾದರೆ ಒಂದು ದಿಕ್ಕಿಗೆ ತಿರುಗಿಸುವ ಭ್ರಾಮಕಗಳ ಮೊತ್ತವು ವಿರುದ್ಧ ದಿಕ್ಕಿನ ಭ್ರಾಮಕಗಳ ಮೊತ್ತಕ್ಕೆ ಸಮನಾಗಿರಬೇಕು.

ಮೊಣಕೈಯನ್ನು ಲಂಬಕೋನದಲ್ಲಿ ಮಡಿಸಿ, ಅಂಗೈಯಲ್ಲಿ 5 ಕಿ.ಗ್ರಾಂ. ತೂಕವನ್ನು ಹಿಡಿದಿರುವವನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊಣಕೈಯ ಕೀಲೇ ಇಲ್ಲಿ ಆಧಾರಬಿಂದು. ಕೈಯಲ್ಲಿರುವ ತೂಕವು ಅದರಿಂದ ಸುಮಾರು 35 ಸೆಂ.ಮೀ. ದೂರದಲ್ಲಿದೆ. ಮುಂದೋಳು ಮತ್ತು ಹಸ್ತಗಳ ಸ್ವಂತ ತೂಕ ಸುಮಾರು 1.5 ಕಿ.ಗ್ರಾಂ.; ಅದರ ಗುರುತ್ವಕೇಂದ್ರವು ಕೀಲಿನಿಂದ 15 ಸೆಂ.ಮೀ. ದೂರದಲ್ಲಿದೆ. ಇವುಗಳನ್ನು ಮೇಲಕ್ಕೆತ್ತಿ ಹಿಡಿಯುವ ದ್ವಿಶಿರ ಸ್ನಾಯುವಾದರೋ ಕೀಲಿನಿಂದ ಕೇವಲ 4 ಸೆಂ.ಮೀ. ದೂರದಲ್ಲಿ ಮೂಳೆಗೆ ಅಂಟಿಕೊಂಡಿದೆ. ಭಾರಗಳ ಭ್ರಾಮಕವು 5 × 35 + 1.5 × 15, ಅಂದರೆ 197.5. ಇದನ್ನು 4ರಿಂದ ಭಾಗಿಸಿದರೆ ಸ್ನಾಯುವಿನ ಎಳೆತವು ಸುಮಾರು 49 ಕಿ.ಗ್ರಾಂ. ಭಾರವೆಂದು ತಿಳಿಯುತ್ತದೆ. ಸ್ನಾಯುವು 49ರಷ್ಟು ಮೇಲಕ್ಕೆಳೆಯುತ್ತಿದೆ, ಭಾರಗಳು 6.5ರಷ್ಟು ಮಾತ್ರ ಕೆಳಕ್ಕೆಳೆಯುತ್ತಿವೆ. ಉಳಿದ 43 ಕಿ.ಗ್ರಾಂ.ನಷ್ಟು ಬಲವನ್ನು ತೋಳಿನ ಮೂಳೆಯು ಕೀಲಿನಲ್ಲಿ ಒತ್ತಿ ಸರಿದೂಗಿಸಬೇಕು. 5 ಕಿ.ಗ್ರಾಂ. ಹಿಡಿದದ್ದಕ್ಕೆ ಕೀಲು ತೆರುವ ಬೆಲೆ ಇದು.

ಈ ಸತ್ಯವನ್ನು ಮೊತ್ತಮೊದಲು ಲೆಕ್ಕ ಹಾಕಿ ತೋರಿಸಿದ ಕೀರ್ತಿಯು ಇಟಲಿಯ ಜೊವಾನಿ ಆಲ್ಫೊನ್ಸೊ ಬೊರೆಲ್ಲಿಗೆ (1608–1679) ಸಲ್ಲಬೇಕು. ಪ್ರಾಣಿಗಳ ಚಲನೆಯನ್ನು ಕುರಿತ ಅವನ ಲ್ಯಾಟಿನ್ ಗ್ರಂಥವು ಅವನು ತೀರಿಕೊಂಡ ಮೇಲೆ 1680–81ರಲ್ಲಿ ಪ್ರಕಟವಾಯಿತು. ಪ್ರಕೃತಿಯು ಅಲ್ಪಬಲದಿಂದ ಮಹತ್ತಾದ ಭಾರವನ್ನೆತ್ತುವ ಜಾಣತನವನ್ನು ದೇಹದಲ್ಲಿ ತೋರಿದೆಯೆಂಬ ಹಳೆಯ ನಂಬಿಕೆಯನ್ನು ಅವನು ತಲೆಕೆಳಗು ಮಾಡಿದನು. ದೇಹವು ಮಾಡುವುದು ಇದಕ್ಕೆ ತೀರ ವಿರುದ್ಧವಾದುದನ್ನು. ಅಲ್ಪಭಾರವನ್ನೆತ್ತಲು ಅದು ಮಹಾಬಲವನ್ನು ವ್ಯಯಮಾಡುತ್ತದೆ.

ವೇಗಕ್ಕಾಗಿ ತೆತ್ತ ಬೆಲೆ

ಇದು ಪ್ರಕೃತಿಯ ದುಂದುಗಾರಿಕೆಯೆ? ಹಾಗೆ ಹೇಳಲಾಗದು. ಸ್ನಾಯುತಂತುವು ಬಲವಾಗಿ ಎಳೆಯಬಲ್ಲುದಾದರೂ ತನ್ನ ಉದ್ದದ ಒಂದು ಅಂಶದಷ್ಟು ಮಾತ್ರ ಕುಗ್ಗಬಲ್ಲುದು. ಮೇಲಿನ ಉದಾಹರಣೆಯಲ್ಲಿ ಸ್ನಾಯುವು 1 ಸೆಂ.ಮೀ.ನಷ್ಟು ಕುಗ್ಗಿದರೆ ಅಂಗೈಯು 35ನ್ನು 4ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 9 ಸೆಂ.ಮೀ.ನಷ್ಟು ಮೇಲೇಳುತ್ತದೆ, ಅದರ ವೇಗವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಬಲದಲ್ಲಿ ಕಳೆದುಕೊಂಡುದನ್ನು ದೂರದಲ್ಲಿಯೂ ವೇಗದಲ್ಲಿಯೂ ಪಡೆದಂತಾಯಿತು. ಕಲ್ಲನ್ನೆಸೆಯುವ ಕೈಗೂ ಓಡುವ ಕಾಲಿಗೂ ಬೇಕಾದುದು ಈ ವೇಗವೇ.

ಅಂಗಗಳು ತ್ವರಿತಗತಿಯಲ್ಲಿ ತಿರುಗುವಾಗ ಭಾರದ ಜೊತೆಗೆ ಜಡತ್ವವನ್ನೂ ಗಮನಿಸಬೇಕಾಗುತ್ತದೆ. ತಿರುಗುವ ವಸ್ತುವಿನ ಜಡತ್ವವು ಅದರ ದ್ರವ್ಯರಾಶಿಯಿಂದಷ್ಟೇ ನಿರ್ಧಾರವಾಗುವುದಿಲ್ಲ. ಆ ರಾಶಿಯು ಅಕ್ಷದಿಂದ ಎಷ್ಟು ದೂರದಲ್ಲಿ ಹರಡಿದೆಯೆಂಬುದರ ವರ್ಗವನ್ನೂ ಅದು ಅವಲಂಬಿಸಿದೆ. ಇದನ್ನು ಜಡತ್ವ ಭ್ರಾಮಕ ಎನ್ನುತ್ತಾರೆ. 60 ಕಿ.ಗ್ರಾಂ. ತೂಕದ ಮನುಷ್ಯನ ತೊಡೆಯು ಸುಮಾರು 6 ಕಿ.ಗ್ರಾಂ., ಅದರ ಕೆಳಗಿನ ಭಾಗವು ಸುಮಾರು 3.5 ಕಿ.ಗ್ರಾಂ. ಇರುತ್ತದೆ. ನೀಡಿದ ಕಾಲನ್ನು ಮೊಣಕಾಲಿನಲ್ಲಿ ಲಂಬಕೋನಕ್ಕೆ ಮಡಿಸಿದರೆ, ಸೊಂಟದ ಕೀಲನ್ನು ಕುರಿತ ಅದರ ಜಡತ್ವ ಭ್ರಾಮಕವು ಮೂರರಲ್ಲೊಂದು ಪಾಲಿಗಿಂತ ಹೆಚ್ಚಾಗಿ ಇಳಿಯುತ್ತದೆ. ಓಟಗಾರನು ಹಿಂದಿನ ಕಾಲನ್ನು ಮಡಿಸಿಕೊಂಡೇ ಮುಂದಕ್ಕೆ ತರುವುದರ ರಹಸ್ಯವಿದು.

ನಡಿಗೆಯಲ್ಲಿ ಮುಂದಕ್ಕೆ ಬೀಸುವ ಕಾಲು ಕೇವಲ ಲೋಲಕದಂತೆ ಗುರುತ್ವದಿಂದಲೇ ತೂಗುತ್ತದೆಂದು ಜರ್ಮನಿಯ ವೇಬರ್ ಸೋದರರು 1836ರಲ್ಲಿ ಪ್ರತಿಪಾದಿಸಿದ್ದರು. 90 ಸೆಂ.ಮೀ. ಉದ್ದದ ಏಕರೂಪದ ದಂಡವು ಒಂದು ಕಡೆಯಿಂದ ಮತ್ತೊಂದು ಕಡೆಗೆ ತೂಗಲು ಸುಮಾರು 0.78 ಸೆಕೆಂಡು ಬೇಕು. ಆದರೆ ಸಾಧಾರಣ ನಡಿಗೆಯಲ್ಲಿ ಕಾಲು ಗಾಳಿಯಲ್ಲಿರುವುದು ಸುಮಾರು 0.4 ಸೆಕೆಂಡು ಮಾತ್ರ. ಮೊಣಕಾಲಿನ ಮಡಿಕೆಯೂ ಸ್ನಾಯುಗಳ ಎಳೆತವೂ ಸೇರದೆ ಇದು ಸಾಧ್ಯವಾಗದು. ಮುಂದೆ ಬ್ರೌನೆ ಮತ್ತು ಫಿಷರ್ ಎಂಬ ವಿದ್ವಾಂಸರು ಹೆಪ್ಪುಗಟ್ಟಿಸಿದ ಶವಗಳಿಂದ ಅವಯವಗಳ ತೂಕವನ್ನೂ ಗುರುತ್ವಕೇಂದ್ರಗಳನ್ನೂ ಅಳೆದು 1889ರಲ್ಲಿ ಪ್ರಕಟಿಸಿದರು. ಅನಂತರ ಅವರು ಕೈಗೊಂಡ ನಡಿಗೆಯ ಅಧ್ಯಯನದಿಂದ ಸ್ನಾಯುಗಳ ಪಾತ್ರವು ಸ್ಥಿರಪಟ್ಟಿತು.

ಸೊಂಟದ ಕೀಲು

ಈ ತತ್ತ್ವಗಳು ಅತ್ಯಂತ ಗಂಭೀರವಾದ ಪರಿಣಾಮವನ್ನು ಬೀರುವುದು ಸೊಂಟದ ಕೀಲಿನಲ್ಲಿ. 60 ಕಿ.ಗ್ರಾಂ. ತೂಕದ ಮನುಷ್ಯನು ಎರಡು ಕಾಲುಗಳ ಮೇಲೂ ಸಮನಾಗಿ ನಿಂತಿದ್ದಾನೆನ್ನೋಣ. ಕಾಲೊಂದರ ತೂಕವು ಸುಮಾರು 10 ಕಿ.ಗ್ರಾಂ. ಆದುದರಿಂದ ಕೀಲುಗಳ ಮೇಲಣ ಭಾಗದ ತೂಕ 40 ಕಿ.ಗ್ರಾಂ. ಸ್ನಾಯುಗಳ ಎಳೆತವನ್ನು ಬಿಟ್ಟು ಎಣಿಸಿದರೆ ಕೀಲೊಂದಕ್ಕೆ ಬರುವ ಪಾಲು 20 ಕಿ.ಗ್ರಾಂ. ಈಗ ಅವನು ಎಡಗಾಲನ್ನೆತ್ತಿ ಬಲಗಾಲಿನ ಮೇಲೆ ನಿಲ್ಲಲಿ. ಬಲಗೀಲಿನ ಮೇಲಣ ಭಾರವು ಮುಂಡ ಮತ್ತು ಎತ್ತಿದ ಕಾಲು ಸೇರಿ 50 ಕಿ.ಗ್ರಾಂ. ಆದರೆ ಈ ಭಾರದ ಗುರುತ್ವಕೇಂದ್ರವು ಕೀಲಿನ ನೇರದಲ್ಲಿಲ್ಲ. ಒಳಬದಿಗೆ ಸುಮಾರು 10 ಸೆಂ.ಮೀ. ದೂರದಲ್ಲಿದೆ. ಅದು ಕಟಿಯನ್ನು ಎಡಕ್ಕೆ ವಾಲಿಸಲು ಯತ್ನಿಸುತ್ತದೆ. ಹಾಗೆ ವಾಲದಂತೆ ತಡೆಯುವವು ಬಲಸೊಂಟದ ಹೊರಬದಿಯ ಸ್ನಾಯುಗಳು. ಅವುಗಳ ತೋಳು ಸುಮಾರು 5 ಸೆಂ.ಮೀ. ಮಾತ್ರ. ಆದ್ದರಿಂದ ಅವು 50 × 10 ÷ 5, ಅಂದರೆ 100 ಕಿ.ಗ್ರಾಂ. ಬಲದಿಂದ ಎಳೆಯಬೇಕು. ಎಳೆತವನ್ನು ಲಂಬವೆಂದು ಸರಳವಾಗಿ ಎಣಿಸಿದರೆ, ಭಾರವೂ ಸ್ನಾಯುಬಲವೂ ಕೂಡಿ ತೊಡೆಮೂಳೆಯ ತಲೆಯ ಮೇಲೆ 150 ಕಿ.ಗ್ರಾಂ. ಬೀಳುತ್ತದೆ. ಇದು ದೇಹದ ತೂಕದ ಎರಡೂವರೆ ಪಟ್ಟು. ಎರಡು ಕಾಲಿನಿಂದ ಒಂದು ಕಾಲಿಗೆ ಬಂದಾಗ ಹೊರೆಯು ಇಮ್ಮಡಿಯಾಗುವುದೆಂದು ನಾವು ಊಹಿಸಬಹುದು. ಈ ಲೆಕ್ಕದಲ್ಲಿ ಅದು ಏಳೂವರೆ ಮಡಿಯಾಯಿತು.

ನಡಿಗೆಯ ಪ್ರತಿಯೊಂದು ಹೆಜ್ಜೆಯಲ್ಲಿಯೂ ನಾವು ಒಂದು ಕಾಲಿನ ಮೇಲೆ ನಿಂತು ಹೋಗುತ್ತೇವೆ. ದಿನಕ್ಕೆ 6,000 ಹೆಜ್ಜೆ ನಡೆಯುವವನ ಒಂದೊಂದು ಕೀಲೂ ವರ್ಷದಲ್ಲಿ ಸುಮಾರು 11 ಲಕ್ಷ ಸಲ ಈ ಬಲವನ್ನು ತಾಳಿಕೊಳ್ಳುತ್ತದೆ. ಆರೋಗ್ಯವಾದ ಮೃದ್ವಸ್ಥಿಯು ಇದನ್ನು ಸಹಿಸುತ್ತದೆ. ಸವೆದ ಕೀಲಿಗೆ ಇದೇ ಯಾತನೆ.

ಕುಂಟುವಿಕೆ ಮತ್ತು ಊರುಗೋಲು

ಸೊಂಟದಲ್ಲಿ ನೋವುಳ್ಳವನು ಆ ಕಾಲನ್ನೂರುವಾಗ ಮುಂಡವನ್ನು ಅದೇ ಬದಿಗೆ ಬಾಗಿಸುತ್ತಾನೆ. ನೋಡುವವರಿಗೆ ಇದು ವಿಕಾರವಾಗಿ ಕಾಣಬಹುದು. ಭೌತಶಾಸ್ತ್ರದ ದೃಷ್ಟಿಯಲ್ಲಿ ಇದು ಸರಿಯಾದ ಉತ್ತರ. ಬಾಗುವುದರಿಂದ ಗುರುತ್ವಕೇಂದ್ರವು ಕೀಲಿಗೆ ಸಮೀಪಿಸುತ್ತದೆ. 10 ಸೆಂ.ಮೀ. ತೋಳು 5ಕ್ಕಿಳಿದರೆ ಸ್ನಾಯುವಿನ ಎಳೆತ 50ಕ್ಕೂ, ಕೀಲಿನ ಮೇಲಣ ಬಲ 150ರಿಂದ 100ಕ್ಕೂ ಇಳಿಯುತ್ತವೆ. ದೇಹದ ತೂಕದಲ್ಲಿ ಒಂದು ಗ್ರಾಂ ಸಹ ಕಡಮೆಯಾಗಿಲ್ಲ. ತೋಳು ಮಾತ್ರ ಗಿಡ್ಡವಾಯಿತು. ಆ ಸ್ನಾಯುಗಳೇ ದುರ್ಬಲವಾದರೆ ಕಟಿಯು ಎದುರು ಬದಿಗೆ ಜೋಲುತ್ತದೆ. ಈ ಲಕ್ಷಣವನ್ನು ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದನು.

ಇನ್ನು ಊರುಗೋಲಿನ ವಿಚಾರ. ಬಲಸೊಂಟ ನೋಯುವವನು ಕೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ಬಲಗೈಯಲ್ಲಿ ಎಂಬುದು ಬಹುಜನರ ಉತ್ತರ. ಲೆಕ್ಕವು ಬೇರೆಯನ್ನೇ ಹೇಳುತ್ತದೆ. ಎಡಗೈಯಲ್ಲಿ ಹಿಡಿದ ಕೋಲು ಬಲಗೀಲಿನಿಂದ ಸುಮಾರು 40 ಸೆಂ.ಮೀ. ದೂರದಲ್ಲಿರುತ್ತದೆ. ಅದನ್ನು 8 ಕಿ.ಗ್ರಾಂ. ಬಲದಿಂದ ಊರಿದರೆ, ನೆಲವು ಅಷ್ಟೇ ಬಲದಿಂದ ಮೇಲಕ್ಕೆತ್ತುತ್ತದೆ. ಅದರ ಭ್ರಾಮಕ 320. ದೇಹಭಾರದ 500 ಭ್ರಾಮಕದಲ್ಲಿ ಸ್ನಾಯುಗಳಿಗೆ ಉಳಿಯುವುದು 180 ಮಾತ್ರ. ಅವುಗಳ ಎಳೆತ 100ಕ್ಕೆ ಬದಲಾಗಿ 36 ಆಗುತ್ತದೆ. ಕೀಲಿನ ಮೇಲೆ ಬೀಳುವುದು 50 + 36 − 8, ಅಂದರೆ 78 ಕಿ.ಗ್ರಾಂ. ಕೇವಲ 8 ಕಿ.ಗ್ರಾಂ. ಒತ್ತಿ 72 ಕಿ.ಗ್ರಾಂ. ಉಳಿಸಿದಂತಾಯಿತು. ಅದೇ ಕೋಲನ್ನು ಬಲಗೈಯಲ್ಲಿ ಹಿಡಿದು, ಮುಂಡವನ್ನು ವಾಲಿಸದೆ, ಕೀಲಿನಿಂದ 15 ಸೆಂ.ಮೀ. ಹೊರಗೆ ಊರಿದರೆ ಅದರ ಭ್ರಾಮಕವು ದೇಹಭಾರದ ಭ್ರಾಮಕಕ್ಕೆ ಸೇರಿಕೊಂಡು ಕೀಲಿನ ಬಲವು 166ಕ್ಕೆ ಏರುತ್ತದೆ! ಆ ಬದಿಯಲ್ಲಿ ಕೋಲು ಹಿಡಿದವರು ಪ್ರಯೋಜನ ಪಡೆಯಬೇಕಾದರೆ ಮೈಯನ್ನೇ ಕೋಲಿನ ಮೇಲೆ ವಾಲಿಸಬೇಕಾಗುತ್ತದೆ. 1956ರಲ್ಲಿ ಅಮೆರಿಕದ ಮೂಳೆವೈದ್ಯ ವಾಲ್ಟರ್ ಬ್ಲೌಂಟ್ ‘ಊರುಗೋಲನ್ನು ಎಸೆಯಬೇಡಿ’ ಎಂಬರ್ಥದ ಶೀರ್ಷಿಕೆಯಿಂದ ಒಂದು ಲೇಖನವನ್ನೇ ಬರೆದನು. ಸಂಕೋಚದಿಂದ ಕೋಲನ್ನು ಮೂಲೆಗಿಟ್ಟ ವೃದ್ಧರು ನಮ್ಮ ಮನೆಗಳಲ್ಲಿಯೂ ಇರುವರಾದುದರಿಂದ ಈ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಹೊರೆಯನ್ನು ಯಾವ ಬದಿಯಲ್ಲಿ ಹೊರಬೇಕು?

10 ಕಿ.ಗ್ರಾಂ. ನೀರಿನ ಬಕೀಟನ್ನು ಎಡಗೈಯಲ್ಲಿ ಹಿಡಿದು ಬಲಗಾಲನ್ನು ಊರಿದಾಗ, ಅದು ಬಲಗೀಲಿನಿಂದ ಸುಮಾರು 35 ಸೆಂ.ಮೀ. ದೂರದಲ್ಲಿರುತ್ತದೆ. ಸ್ನಾಯುಗಳ ಎಳೆತಕ್ಕೆ 70 ಸೇರಿ 170 ಆಗುತ್ತದೆ. ಕೀಲಿನ ಮೇಲೆ 230 ಕಿ.ಗ್ರಾಂ. ಬೀಳುತ್ತದೆ. ಅದನ್ನೇ ಬಲಗೈಯಲ್ಲಿ ಹಿಡಿದರೆ ಬಕೀಟು ಕೀಲಿನ ಹೊರಬದಿಗೆ 15 ಸೆಂ.ಮೀ. ದೂರದಲ್ಲಿದ್ದು ಸ್ನಾಯುಗಳಿಗೆ ನೆರವಾಗುತ್ತದೆ. ಎಳೆತವು 70ಕ್ಕಿಳಿದು, ಕೀಲಿನ ಬಲವು 130 ಆಗುತ್ತದೆ. ಬರಿಗೈಯಲ್ಲಿ ನಡೆದಾಗಿನ 150ಕ್ಕಿಂತಲೂ ಇದು ಕಡಮೆಯೆಂಬುದನ್ನು ವಾಚಕರು ಗಮನಿಸಬೇಕು. ಒಂದು ಸೊಂಟ ಮಾತ್ರ ನೋಯುತ್ತಿರುವವರು ಕೈಹೊರೆಯನ್ನು ನೋಯುವ ಬದಿಯಲ್ಲಿಯೇ, ಊರುಗೋಲನ್ನು ಎದುರು ಬದಿಯಲ್ಲಿಯೇ ಹಿಡಿಯಬೇಕೆಂಬ ನಿಯಮವು ಇದರಿಂದ ಸಿದ್ಧವಾಗುತ್ತದೆ. ಕೀಲುಗಳೆರಡೂ ಸ್ವಸ್ಥವಾಗಿರುವವರು ಹೊರೆಯನ್ನು ಎರಡು ಕೈಗಳಿಗೂ ಹಂಚಿದರೆ ಪ್ರತಿಯೊಂದು ಕೀಲಿಗೂ 180 ಕಿ.ಗ್ರಾಂ. ಬರುತ್ತದೆ. ಮಧ್ಯರೇಖೆಯಲ್ಲಿ ತಲೆಯ ಮೇಲೆ ಹೊತ್ತರೂ ಸೊಂಟದ ಲೆಕ್ಕವು ಹೆಚ್ಚುಕಡಮೆ ಇಷ್ಟೇ. ಕತ್ತಿನ ಮೇಲಣ ಭಾರವು ಬೇರೆಯ ಮಾತು.

ಅಳತೆಯ ಪ್ರಮಾಣ

ಲೆಕ್ಕವು ನಿಜವೆ ಎಂದು ಕೇಳುವುದು ವಿಜ್ಞಾನದ ಧರ್ಮ. ಸ್ವೀಡನ್ನಿನ ರೈಡೆಲ್ ಎಂಬ ವೈದ್ಯನು ಬಲಮಾಪಕಗಳನ್ನು ಅಳವಡಿಸಿದ ಕೃತಕ ತೊಡೆಮೂಳೆ ತಲೆಯನ್ನು ರೋಗಿಗಳಲ್ಲಿ ಕೂರಿಸಿ, ಕೀಲಿನೊಳಗಿನ ಬಲವನ್ನು ನೇರವಾಗಿ ಅಳೆದು 1966ರಲ್ಲಿ ಪ್ರಕಟಿಸಿದನು. ಬರ್ಲಿನ್ನಿನ ಬರ್ಗ್‌ಮನ್ ಮತ್ತು ಸಹೋದ್ಯೋಗಿಗಳು ತಂತಿಯಿಲ್ಲದೆ ಸಂಕೇತ ಕಳುಹಿಸುವ ಕೃತಕ ಕೀಲುಗಳಿಂದ ಪಡೆದ ಫಲಿತಾಂಶಗಳು 2001ರಲ್ಲಿ ಪ್ರಕಟವಾದವು. ಗಂಟೆಗೆ ಸುಮಾರು 4 ಕಿ.ಮೀ. ವೇಗದ ನಡಿಗೆಯಲ್ಲಿ ಗರಿಷ್ಠ ಬಲವು ಸರಾಸರಿ ದೇಹತೂಕದ 238 ಪ್ರತಿಶತವಿತ್ತು. ಮೆಟ್ಟಿಲೇರುವಾಗ 251, ಇಳಿಯುವಾಗ 260 ಪ್ರತಿಶತ. ನಮ್ಮ ಸರಳ ಲೆಕ್ಕದ 250 ಪ್ರತಿಶತಕ್ಕೆ ಇವು ಎಷ್ಟು ಸಮೀಪವಾಗಿವೆ! ಅದೇ ತಂಡವು 1993ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ, ರೋಗಿಯು ಎಡವಿದ ಕ್ಷಣದಲ್ಲಿ ಬಲವು ದೇಹತೂಕದ ಎಂಟು ಪಟ್ಟನ್ನೂ ಮೀರಿತ್ತು. ಬೀಳುವ ದೇಹವನ್ನು ತಡೆಯಲು ಸ್ನಾಯುಗಳು ಒಮ್ಮೆಗೇ ಬಿಗಿದುಕೊಳ್ಳುವುದು ಇದಕ್ಕೆ ಕಾರಣ.

ಶಸ್ತ್ರವೈದ್ಯರೂ ಈ ಸನ್ನೆಯ ನ್ಯಾಯಕ್ಕೆ ತಲೆಬಾಗಿದ್ದಾರೆ. ಜರ್ಮನಿಯ ಪೌವೆಲ್ಸ್ 1935ರಲ್ಲಿ ತೊಡೆಮೂಳೆಯ ಕತ್ತಿನ ಮುರಿತಗಳನ್ನು ಬಲಗಳ ದೃಷ್ಟಿಯಿಂದ ವಿವೇಚಿಸಿದನು. ಇಂಗ್ಲೆಂಡಿನ ಜಾನ್ ಚಾರ್ನ್ಲಿಯು 1962ರಲ್ಲಿ ಪಾಲಿಎಥಿಲೀನ್ ಗುಣಿಯುಳ್ಳ ಕೃತಕ ಕೀಲನ್ನು ಬಳಕೆಗೆ ತಂದನು. ಅವನು ತನ್ನ ವಿಧಾನದಲ್ಲಿ ಗುಣಿಯನ್ನು ಒಳಕ್ಕೂ, ಸ್ನಾಯುಗಳ ನೆಲೆಯನ್ನು ಹೊರಕ್ಕೂ ಸರಿಸುತ್ತಿದ್ದನು. ದೇಹಭಾರದ ತೋಳು 10ರಿಂದ 9ಕ್ಕಿಳಿದು, ಸ್ನಾಯುವಿನ ತೋಳು 5ರಿಂದ 6ಕ್ಕೇರಿದರೆ ಎಳೆತವು 75, ಕೀಲಿನ ಬಲವು 125 ಆಗುತ್ತದೆ. ಒಂದೊಂದು ಸೆಂಟಿಮೀಟರಿನಿಂದ ಹೆಜ್ಜೆಯೊಂದಕ್ಕೆ 25 ಕಿ.ಗ್ರಾಂ. ಉಳಿತಾಯ!

ಉಪಸಂಹಾರ

ಮೇಲಿನ ಸಂಖ್ಯೆಗಳು ಸಾಧಾರಣ ದೇಹಕ್ಕೆ ಸಂಬಂಧಿಸಿದ ಸ್ಥೂಲ ಬೆಲೆಗಳು. ಸ್ನಾಯುಗಳ ಎಳೆತವು ನಿಜವಾಗಿ ಓರೆಯಾಗಿರುತ್ತದೆ. ಅನೇಕ ಸ್ನಾಯುಗಳು ಏಕಕಾಲದಲ್ಲಿ ದುಡಿಯುತ್ತವೆ. ಚಲನೆಯಲ್ಲಿ ವೇಗೋತ್ಕರ್ಷದ ಭ್ರಾಮಕವೂ ಸೇರುತ್ತದೆ. ಆದರೂ ಮುಖ್ಯ ನಿರ್ಣಯವು ಇವುಗಳಿಂದ ಬದಲಾಗುವುದಿಲ್ಲ. ಕೀಲಿನ ಹೊರೆಯನ್ನು ನಿರ್ಧರಿಸುವಲ್ಲಿ ತೂಕಕ್ಕಿರುವಷ್ಟೇ ಪ್ರಾಧಾನ್ಯ ದೂರಕ್ಕೂ ಇದೆ. ತೂಕವನ್ನು ಕಡಮೆ ಮಾಡುವುದು ಎಲ್ಲರಿಗೂ ಸಾಧ್ಯವಾಗದಿರಬಹುದು. ಹೊರೆಯನ್ನು ಕೈ ಬದಲಿಸಿ ಹಿಡಿಯುವುದು, ಕೋಲನ್ನು ಸರಿಯಾದ ಬದಿಯಲ್ಲಿ ಊರುವುದು ಯಾರಿಗೂ ಕಷ್ಟವಲ್ಲ. ತರಗತಿಯಲ್ಲಿ ಸನ್ನೆಯ ಪಾಠವನ್ನು ಹೇಳುವ ಅಧ್ಯಾಪಕರು ಕತ್ತರಿ, ಏತ, ಅಡಕತ್ತರಿಗಳ ಜೊತೆಗೆ ಈ ಉದಾಹರಣೆಯನ್ನೂ ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದರೆ, ವಿದ್ಯಾರ್ಥಿಯು ಅಂದು ಸಂಜೆಯೇ ತನ್ನ ಮನೆಯ ಹಿರಿಯರಿಗೆ ಅದನ್ನು ತಿಳಿಸಿಹೇಳಬಲ್ಲನು.