ಒಂದು ಯೂನಿಟ್ಟಿನ ಹಿಂದೆ ಎಷ್ಟು ನೀರು?

ವಿದ್ಯುತ್ ಬಿಲ್ಲಿನಲ್ಲಿ ‘ಯೂನಿಟ್’ ಎಂಬ ಪದವನ್ನು ನೀವೆಲ್ಲ ನೋಡಿರುತ್ತೀರಿ. ಹಾಗೆಂದರೆ ಎಷ್ಟು? ನೀರು ಕಾಯಿಸುವ 1000 ವಾಟ್ ಕಾಯಿಲನ್ನು ಒಂದು ಗಂಟೆ ಹಾಕಿಟ್ಟರೆ ಖರ್ಚಾಗುವ ವಿದ್ಯುತ್ತೇ ಒಂದು ಯೂನಿಟ್.

ಇದು ಬರುವುದೆಲ್ಲಿಂದ? ಜೋಗದ ಬಳಿಯ ಶರಾವತಿ ವಿದ್ಯುದಾಗಾರವನ್ನೇ ತೆಗೆದುಕೊಳ್ಳೋಣ. ಅಲ್ಲಿ ನೀರು 400 ಮೀಟರಿಗೂ ಹೆಚ್ಚು ಎತ್ತರದಿಂದ ಕೊಳವೆಗಳಲ್ಲಿ ಧುಮುಕಿ ಟರ್ಬೈನುಗಳನ್ನು ತಿರುಗಿಸುತ್ತದೆ. ಲೆಕ್ಕ ಹಾಕಿದರೆ, ಒಂದು ಯೂನಿಟ್ಟಿಗೆ ಸುಮಾರು 1000 ಲೀಟರ್ ನೀರು ಬೇಕು. ತಂತಿಯಲ್ಲಿ ಬರುವಾಗ ಆಗುವ ನಷ್ಟ ಬೇರೆ. ಈ ನೀರನ್ನು ಕೂಡಿಡಲು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಎಷ್ಟೋ ಊರುಗಳು, ಗದ್ದೆ ತೋಟಗಳು ಮುಳುಗಿದವು. ಅಲ್ಲಿನ ಜನ ನೆಲೆ ಕಳೆದುಕೊಂಡರು.

ಈಗ ನಮ್ಮ ಮನೆಗೆ ಬರೋಣ. 60 ವಾಟ್‌ನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್ ಬೇಕು. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವಾಟ್‌ನ ಎಲ್‌ಇಡಿ ಬಲ್ಬಿಗೆ ಒಂದೂವರೆ ಯೂನಿಟ್ಟೂ ಬೇಡ. ಉಳಿದದ್ದು ಏಳೂವರೆ ಯೂನಿಟ್. ಶರಾವತಿಯ ಲೆಕ್ಕದಲ್ಲಿ 7500 ಲೀಟರ್ ನೀರು! ಮಳೆ ಕೈಕೊಟ್ಟ ವರ್ಷ ಈ ಉಳಿತಾಯದ ಬೆಲೆ ಇನ್ನೂ ಹೆಚ್ಚು.

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅನೇಕ ಮನೆಗಳ ಬಿಲ್ಲಿನಲ್ಲಿ ಸೊನ್ನೆ ಕಾಣಿಸಿಕೊಂಡಿತು. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ನೀರಿನ ಖರ್ಚು ಸೊನ್ನೆಯಾಗುವುದಿಲ್ಲ.

ವಿದ್ಯಾರ್ಥಿಗಳೇ, ಈ ಭಾನುವಾರ ನಿಮ್ಮ ಮನೆಯ ಮೀಟರಿನ ಅಂಕಿಯನ್ನು ಬರೆದಿಡಿ. ಮುಂದಿನ ಭಾನುವಾರ ಮತ್ತೆ ನೋಡಿ. ವ್ಯತ್ಯಾಸವನ್ನು ಸಾವಿರದಿಂದ ಗುಣಿಸಿ. ಆಮೇಲೆ ಖಾಲಿ ಕೋಣೆಯಲ್ಲಿ ತಿರುಗುತ್ತಿರುವ ಫ್ಯಾನನ್ನು ಆರಿಸಲು ನಿಮಗೆ ಯಾರೂ ಹೇಳಬೇಕಾಗುವುದಿಲ್ಲ.