ಕಡಲಾಚೆಗೆ ಹೋಗಬೇಕಾದ ಕಾಗದ

ಗುಬ್ಬಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮಗಳು ತುಮಕೂರಿನಲ್ಲಿ ಓದಿ ಪದವಿ ಪಡೆದು ಉಚ್ಚ ವ್ಯಾಸಂಗಕ್ಕಾಗಿ ಪರದೇಶದ ವಿಶ್ವವಿದ್ಯಾನಿಲಯವೊಂದಕ್ಕೆ ಅರ್ಜಿ ಹಾಕಿರುವಳು. ಇಂತಹ ತಾರೀಖಿನೊಳಗಾಗಿ ಅಂಕಪಟ್ಟಿಯ ದೃಢೀಕೃತ ಪ್ರತಿಯು ಮೊಹರು ಮಾಡಿದ ಲಕೋಟೆಯಲ್ಲಿ ತಮ್ಮ ಕೈಸೇರತಕ್ಕದ್ದೆಂದು ಅಲ್ಲಿಂದ ಉತ್ತರ ಬಂದಿದೆ. ಉಳಿದಿರುವುದು ಇಪ್ಪತ್ತು ದಿನ. ಯಾವುದರಲ್ಲಿ ಕಳುಹಿಸಿದರೆ ಬೇಗ ಹೋದೀತು, ಎಷ್ಟು ಖರ್ಚಾದೀತು ಎಂಬುದೇ ತಂದೆಯವರಿಗೆ ಮೊದಲು ಹೊಳೆಯುವ ಪ್ರಶ್ನೆ. ಪ್ರಶ್ನೆಯು ಸಹಜವಾದುದೇ, ಆದರೆ ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದುದು ಇನ್ನೊಂದಿದೆ. ಕಾಗದವೇ ಹೋಗಬೇಕೆ? ಹೋಗಬೇಕಾದಲ್ಲಿ ಅದು ಎಲ್ಲಿಂದ ಹೊರಡಬೇಕು? ನಾವು ಕಂಡಮಟ್ಟಿಗೆ ಕಾಲವೂ ಹಣವೂ ಹೆಚ್ಚಾಗಿ ಸೋರಿಹೋಗುವುದು ಅಂಚೆಯ ಕಿಟಕಿಗೆ ಬರುವುದಕ್ಕೆ ಮುಂಚೆಯೇ.

ತುಮಕೂರಿನಲ್ಲಿ ಓದಿದವರ ಪದವಿಪತ್ರವೆಲ್ಲ ತುಮಕೂರಿನದೇ ಎಂದು ತಿಳಿಯಲಾಗದು. ತುಮಕೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು ೨೦೦೪ರಲ್ಲಿ. ಅದಕ್ಕೆ ಹಿಂದೆ ಇಲ್ಲಿನ ಕಾಲೇಜುಗಳಲ್ಲಿ ಬಿ.ಎ., ಬಿ.ಎಸ್‌ಸಿ. ಮುಗಿಸಿದವರು ಬೆಂಗಳೂರು ವಿಶ್ವವಿದ್ಯಾನಿಲಯದ ಪದವೀಧರರು. ಎಂಜಿನಿಯರಿಂಗ್ ಓದಿದವರಲ್ಲಿ, ೧೯೯೮ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಹುಟ್ಟಿದ ಮೇಲೆ ಅದರ ಅಧೀನದಲ್ಲಿ ಪದವಿ ಪಡೆದವರು ಬೆಳಗಾವಿಗೆ ಬರೆದುಕೊಳ್ಳಬೇಕು. ಪರದೇಶದ ಅನೇಕ ಸಂಸ್ಥೆಗಳು ವಿದ್ಯಾರ್ಥಿಯ ಕೈಯಿಂದ ಬಂದ ಪ್ರತಿಯನ್ನು ಒಪ್ಪುವುದಿಲ್ಲ; ಪದವಿ ಕೊಟ್ಟವರೇ ಲಕೋಟೆಯನ್ನು ಮುಚ್ಚಿ, ಅಂಟಿಸಿದ ಮಡಿಕೆಯ ಮೇಲೆ ರುಜುವನ್ನೂ ಮೊಹರನ್ನೂ ಹಾಕಿರಬೇಕು. ಹೀಗೆ ಬಂದ ಲಕೋಟೆಯನ್ನು, ಒಳಗೇನಿದೆಯೋ ನೋಡೋಣವೆಂದು ಮನೆಯಲ್ಲಿ ಬಿಚ್ಚಿದವರುಂಟು. ಬಿಚ್ಚಿದೊಡನೆ ಅದರ ಬೆಲೆಯು ಹೋಯಿತು. ಕೆಲಸವನ್ನು ಮೊದಲಿನಿಂದ ಆರಂಭಿಸಬೇಕು.

ಉದ್ಯೋಗಕ್ಕಾಗಿ ಹೋಗುವವರ ಮೂಲ ಪದವಿಪತ್ರಕ್ಕೆ ಅಪೊಸ್ಟೀಲ್ ಎಂಬ ಚೀಟಿಯೂ ಬೇಕಾಗಬಹುದು. ಪತ್ರದ ಮೇಲಿನ ರುಜು ಮೊಹರುಗಳು ನಿಜವೆಂದು ಸರ್ಕಾರವು ಕೊಡುವ ಸಾಕ್ಷ್ಯವಿದು. ೧೯೬೧ರ ಹೇಗ್ ಒಪ್ಪಂದದಿಂದ ಬಂದ ಈ ಪದ್ಧತಿಯು ಭಾರತಕ್ಕೆ ೨೦೦೫ರ ಜುಲೈ ೧೪ರಿಂದ ಅನ್ವಯಿಸಿತು. ಕೆನಡದಲ್ಲಿ ೨೦೨೪ರ ಜನವರಿ ೧೧ರಂದು ಜಾರಿಗೆ ಬಂತು. ಒಪ್ಪಂದದಲ್ಲಿರುವ ದೇಶವು ಇನ್ನೊಂದರ ಸೇರ್ಪಡೆಯನ್ನು ಆಕ್ಷೇಪಿಸುವುದೂ ಉಂಟು. ಭಾರತದ ವಿಷಯದಲ್ಲಿ ಜರ್ಮನಿಯು ಹಾಗೆ ಮಾಡಿತ್ತು. ಆದುದರಿಂದ ಕಾಗದವು ಹೊರಡುವ ಮೊದಲೇ, ಏನು ಬೇಕೆಂಬುದನ್ನು ಸ್ವೀಕರಿಸುವವರಿಂದಲೇ ಬರಹದಲ್ಲಿ ಕೇಳಿ ತಿಳಿಯುವುದು ಲೇಸು. ಡಿಜಿಲಾಕರಿನ ಪ್ರತಿಯೇ ಸಾಕೆಂದು ಅವರು ಹೇಳಿದಲ್ಲಿ ಅಂಚೆಯ ಖರ್ಚು ಪೂರ್ತಿಯಾಗಿ ಉಳಿಯಿತು.

ಕಾಗದವೇ ಹೋಗಬೇಕೆಂದು ಗೊತ್ತಾದ ಮೇಲೆ ದಾರಿಗಳು ಎರಡು. ಒಂದು ಖಾಸಗಿ ಕೊರಿಯರು. ಈ ವೃತ್ತಿಯು ಹುಟ್ಟಿದ್ದೇ ಕಾಗದಪತ್ರಗಳಿಂದ: ೧೯೬೯ರಲ್ಲಿ ಅಮೆರಿಕದಲ್ಲಿ ಆರಂಭವಾದ ಡಿ.ಎಚ್.ಎಲ್. ಸಂಸ್ಥೆಯು, ಹಡಗು ಹೊನೊಲುಲು ಬಂದರನ್ನು ಸೇರುವ ಮುನ್ನವೇ ಅದರ ಸರಕಿನ ಪತ್ರಗಳನ್ನು ಸ್ಯಾನ್‌ಫ್ರಾನ್ಸಿಸ್ಕೋದಿಂದ ವಿಮಾನದಲ್ಲಿ ಮುಟ್ಟಿಸುತ್ತಿತ್ತು. ಕೊರಿಯರಿನವರದು ಸಾಮಾನ್ಯವಾಗಿ ಕೆಲವೇ ದಿನಗಳ ಹಾದಿ, ದರವೂ ಅದಕ್ಕೆ ತಕ್ಕಂತೆ ಹೆಚ್ಚು. ಇನ್ನೊಂದು ಭಾರತೀಯ ಅಂಚೆಯ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್. ಇದರಲ್ಲಿ ವಾರವೊಂದರಿಂದ ಎರಡು ವಾರಗಳ ಕಾಲಾವಕಾಶವನ್ನಿಟ್ಟುಕೊಳ್ಳುವುದು ವಿವೇಕ. ಇಪ್ಪತ್ತು ದಿನ ಉಳಿದಿರುವಾಗ ಸ್ಪೀಡ್ ಪೋಸ್ಟ್ ಸಾಕು. ಆರು ದಿನ ಉಳಿದಿರುವಾಗ ಕೊರಿಯರಿನ ಹಣವನ್ನು ಗೊಣಗದೆ ಕೊಡಬೇಕು. ಆದರೆ ವಿಳಾಸದಲ್ಲಿ ಕೇವಲ ಅಂಚೆಪೆಟ್ಟಿಗೆಯ ಸಂಖ್ಯೆ ಮಾತ್ರವಿದ್ದರೆ ಕೊರಿಯರಿನವರು ಸಾಮಾನ್ಯವಾಗಿ ಒಪ್ಪಿಕೊಳ್ಳರು. ಅಲ್ಲಿಗೆ ಅಂಚೆಯೇ ಗತಿ.

ಅಂಚೆಯ ಈ ಶಕ್ತಿಯು ಎಲ್ಲಿಂದ ಬಂತೆಂದರೆ, ಅದು ಒಂದು ದೇಶದ ಸಂಸ್ಥೆಯಾಗಿ ಉಳಿಯದಿರುವುದರಿಂದ. ೧೮೭೪ರಲ್ಲಿ ಬರ್ನ್ ನಗರದಲ್ಲಿ ವಿಶ್ವ ಅಂಚೆ ಒಕ್ಕೂಟಕ್ಕೆ ಅಸ್ತಿಭಾರವಾಯಿತು. ೧೮೭೬ರಲ್ಲಿ ಭಾರತವು ಸೇರಿತು. ನಮ್ಮ ಸೀಮೆಯ ಓಲೆಗಳನ್ನು ಹೊತ್ತು ಓಡುತ್ತಿದ್ದ ಮೈಸೂರು ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಗುಬ್ಬಿಯ ಅಂಚೆ ಕಚೇರಿಯಲ್ಲಿ ತೆತ್ತ ಹಣಕ್ಕೆ ಪರದೇಶದ ಅಂಚೆಯವನು ಬಾಗಿಲಿಗೆ ಬಂದು ಬಟವಾಡೆ ಮಾಡುವನಷ್ಟೆ. ಅದು ಈ ಒಕ್ಕೂಟದ ಫಲ.

ರಸೀತಿಯ ಮೇಲಿನ ಸಂಖ್ಯೆಯೂ ಅಲ್ಲಿಂದಲೇ ಬಂದುದು. ಅದರಲ್ಲಿ ಹದಿಮೂರು ಚಿಹ್ನೆಗಳಿರುತ್ತವೆ. ಮೊದಲೆರಡು ಅಕ್ಷರಗಳು ಸೇವೆಯ ಗುರುತು, ಸ್ಪೀಡ್ ಪೋಸ್ಟಾದರೆ ‘ಇ’ ಇಂದ ಮೊದಲಾಗುವುದು. ಅನಂತರ ಎಂಟು ಅಂಕಿಗಳು. ಒಂಬತ್ತನೆಯದು ಆ ಎಂಟನ್ನು ಗುಣಿಸಿ ಕೂಡಿ ತೆಗೆದ ತಾಳೆಯ ಅಂಕಿ, ಬರೆಯುವಾಗ ತಪ್ಪಿದರೆ ತಿಳಿಯಲೆಂದು. ಕೊನೆಗೆ ಭಾರತವನ್ನು ಸೂಚಿಸುವ ‘ಐಎನ್’. ಕಾಗದವು ಕಡಲು ದಾಟಿದ ಮೇಲೆ ಆ ದೇಶದ ಅಂಚೆಯ ಜಾಲತಾಣದಲ್ಲಿಯೂ ಇದೇ ಸಂಖ್ಯೆಯನ್ನಿಟ್ಟು ಹುಡುಕಬಹುದು. ರಸೀತಿಯನ್ನು ಜೇಬಿನಲ್ಲಿ ಮುದುರಿಟ್ಟು ಮಡಿವಾಳರ ಮನೆಗೆ ಕಳುಹಿಸಬಾರದು!

ದರವು ದೇಶದಿಂದ ದೇಶಕ್ಕೆ ಬೇರೆ. ತೂಕದ ಲೆಕ್ಕ ಮಾತ್ರ ಸುಲಭ: ಮೊದಲನೆಯ ಮೆಟ್ಟಿಲು ೨೫೦ ಗ್ರಾಂ. ಸಾಮಾನ್ಯವಾದ ಎ೪ ಹಾಳೆಯ ತೂಕ ೫ ಗ್ರಾಂ. ನಲವತ್ತು ಹಾಳೆಗಳಿಗೆ ೨೦೦ ಗ್ರಾಂ, ಮಿಕ್ಕದ್ದು ಲಕೋಟೆಗೂ ಒಳಗಿನ ರಟ್ಟಿಗೂ ಸಾಕು. ಎರಡು ಹಾಳೆಗೂ ನಲವತ್ತು ಹಾಳೆಗೂ ಒಂದೇ ದರವಾದ ಮೇಲೆ, ಇಂದೊಂದು ನಾಳೆಯೊಂದು ಕಳುಹಿಸುವುದು ವ್ಯರ್ಥ. ಆದರೆ ಜಾಗವಿದೆಯೆಂದು ತಾಯಿಯವರು ಚಟ್ನಿಪುಡಿಯ ಪೊಟ್ಟಣವನ್ನು ಸೇರಿಸಬಾರದು. ಕಾಗದಪತ್ರವೆಂಬ ವರ್ಗದಿಂದ ಅದು ಸರಕಿನ ವರ್ಗಕ್ಕೆ ಬಿದ್ದು, ಸುಂಕದ ಕಟ್ಟೆಯಲ್ಲಿ ಪದವಿಪತ್ರವೂ ಪುಡಿಯೊಡನೆ ಕುಳಿತಿರುವುದು.

ವಿಳಾಸವನ್ನು ರೋಮನ್ ಲಿಪಿಯಲ್ಲಿ ಬರೆದು, ದೇಶದ ಹೆಸರನ್ನು ಕಡೆಯ ಸಾಲಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣಿಸಬೇಕು. ಪಡೆಯುವವರ ದೂರವಾಣಿಯೂ ಇರಲಿ. ಕಳುಹಿಸುವವರ ವಿಳಾಸದಲ್ಲಿ ಪಿನ್ ಸಂಖ್ಯೆ, ತುಮಕೂರಿಗೆ ೫೭೨೧೦೧, ಗುಬ್ಬಿಗೆ ೫೭೨೨೧೬, ಕುಣಿಗಲಿಗೆ ೫೭೨೧೩೦, ತಪ್ಪದೆ ಇರಬೇಕು. ಬಟವಾಡೆಯಾಗದ ಲಕೋಟೆಯು ಹಿಂದಿರುಗಲು ಇದೇ ಆಧಾರ. ಹಣ ಕಟ್ಟುವ ಮುನ್ನ ಆ ದೇಶಕ್ಕೆ ದಾರಿ ತೆರೆದಿದೆಯೇ ಎಂದೂ ವಿಚಾರಿಸಬೇಕು. ೨೦೨೫ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಹೊಸ ಸುಂಕದ ನಿಯಮಗಳ ಗೊಂದಲದಿಂದ ಅಲ್ಲಿಗೆ ಹೋಗುವ ಅಂಚೆಯು, ಕಾಗದಪತ್ರಗಳೂ ಸೇರಿದಂತೆ, ನಿಂತುಹೋಗಿ ಅಕ್ಟೋಬರ್ ೧೫ರಂದು ಮತ್ತೆ ಆರಂಭವಾಯಿತು. ಆ ವಾರಗಳಲ್ಲಿ ಕೊರಿಯರನ್ನು ಬಿಟ್ಟು ಬೇರೆ ದಾರಿಯನ್ನು ಹುಡುಕುವುದು ಕಷ್ಟವಾಗಿತ್ತು.

ಇನ್ನು ಕುಣಿಗಲ್ ಕಡೆಯ ಮಾತು. ಅಲ್ಲಿ ತೋಟದ ವಿಭಾಗವಾಗಬೇಕಾಗಿದೆ; ಹಿರಿಯ ಮಗನು ಮೆಲ್ಬರ್ನಿನಲ್ಲಿದ್ದಾನೆ. ಅವನು ತಮ್ಮನಿಗೆ ಮುಖ್ತಿಯಾರ್‌ನಾಮೆ, ಅಂದರೆ ಪವರ್ ಆಫ್ ಅಟಾರ್ನಿ, ಬರೆದುಕೊಡಬೇಕು. ಇಲ್ಲಿ ಬೆರಳಚ್ಚು ಮಾಡಿಸಿ ಮಗನಿಗೆ ಕಳುಹಿಸಿ ಮತ್ತೆ ತರಿಸುವುದು ಅನೇಕರ ರೂಢಿ. ಹೋಗುವ ಪ್ರಯಾಣವು ಅನಾವಶ್ಯಕ. ಒಕ್ಕಣೆಯನ್ನು ಮಿಂಚಂಚೆಯಲ್ಲಿ ಕಳುಹಿಸಿದರೆ ಅವನು ಅಲ್ಲಿಯೇ ಅಚ್ಚು ತೆಗೆದುಕೊಳ್ಳುವನು. ೧೯೦೮ರ ನೋಂದಣಿ ಕಾಯಿದೆಯ ೩೩ನೆಯ ಪ್ರಕರಣದ ಮೇರೆಗೆ, ನೋಟರಿಯ ಅಥವಾ ಭಾರತೀಯ ಕಾನ್ಸಲರ ಮುಂದೆ ರುಜು ಹಾಕಿ ಅವರಿಂದ ದೃಢೀಕರಣ ಪಡೆಯಬಹುದು. ಬರಬೇಕಾದುದು ಆ ಮೂಲಪತ್ರ ಮಾತ್ರ. ಉಪನೋಂದಣಾಧಿಕಾರಿಗಳ ಮುಂದೆ ಅದರ ಛಾಯಾಚಿತ್ರವನ್ನು ತೋರಿಸಿ ಫಲವಿಲ್ಲ.

ಹೀಗೆ ಬಂದ ಪತ್ರಕ್ಕೆ, ಅದು ಕರ್ನಾಟಕದಲ್ಲಿ ಮೊದಲು ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನು ಕಟ್ಟಬಹುದೆಂದು ೧೯೫೭ರ ಕರ್ನಾಟಕ ಮುದ್ರಾಂಕ ಕಾಯಿದೆಯು ಹೇಳುತ್ತದೆ. ಪತ್ರವು ಯಾವ ದಿನ ಬಂತೆಂದು ಅಧಿಕಾರಿಗಳು ಕೇಳಿದಾಗ ತೋರಿಸಲು ಇರುವುದು ಅಂಚೆಯ ಮುದ್ರೆಯುಳ್ಳ ಲಕೋಟೆ, ಮತ್ತು ಬಟವಾಡೆಯ ದಾಖಲೆ. ಮಗನ ಕಾಗದ ಬಂದ ಸಂತೋಷದಲ್ಲಿ ಹರಿದೆಸೆದ ಲಕೋಟೆಯನ್ನು ಆಮೇಲೆ ಹಿತ್ತಿಲಲ್ಲಿ ಹುಡುಕುವುದಕ್ಕಿಂತ, ಅಂಚನ್ನು ಕತ್ತರಿಯಿಂದ ಕತ್ತರಿಸಿ ಪತ್ರವನ್ನು ತೆಗೆದು, ಲಕೋಟೆಯನ್ನು ಅದರೊಡನೆಯೇ ಕಡತದಲ್ಲಿಡಬೇಕು.